ಮೊದಲು ನೀರು ನೋಡಿ, ಆಮೇಲೆ ಹಕ್ಕಿ

ಹಕ್ಕಿ ನೋಡಲು ಶುರುಮಾಡಬೇಕು ಅಂದುಕೊಂಡವರು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಕ್ಯಾಮೆರಾ ತಗೊಳ್ಳಲಿ? ರಂಗನತಿಟ್ಟಿಗೆ ಯಾವ ತಿಂಗಳು ಹೋದರೆ ಒಳ್ಳೆಯದು? ಮೊದಲನೆಯದಕ್ಕೆ ನನ್ನ ಉತ್ತರ, ಸದ್ಯಕ್ಕೆ ಯಾವುದೂ ಬೇಡ. ಎರಡನೆಯದಕ್ಕೆ, ಮಾರ್ಚ್ ಸುಮಾರಿಗೆ ಹೋಗಿಬನ್ನಿ, ದೋಣಿಯಲ್ಲಿ ಕೂತೇ ಗೂಡು ಕಾಣುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲೇ ಕಾಪಾಡಿಟ್ಟ ಜಾಗ ಅದು, ನೋಡದೆ ಇರಬಾರದು. ಆದರೆ ಹಕ್ಕಿ ನೋಡುವುದನ್ನು ಕಲಿಯುವುದಕ್ಕೆ ಬೇಕಾದದ್ದು ಬೇರೆ: ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತಕ್ಕೆಲ್ಲ ತಿಂಡಿಗೆ ಮನೆ ಸೇರುವಷ್ಟು ಹತ್ತಿರದ ಒಂದು ಕೆರೆ. ಅದೇ ಕೆರೆ, ಮತ್ತೆ ಮತ್ತೆ, ಕನಿಷ್ಠ ಒಂದು ವರ್ಷ.

ನಾನು ಹಾಗೆ ಹೋಗುವುದು ಮೈಸೂರಿನಿಂದ ತಿ. ನರಸೀಪುರದ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಊರ ಕೆರೆಗೆ. ಅದರ ಹೆಸರು ಹೇಳುವುದಿಲ್ಲ. ಜಿಪುಣ ಅಂದರೂ ಸರಿ. ಮೊದಲ ಎರಡು ವರ್ಷ ನಾನು ಅಲ್ಲಿ ಮಾಡಿದ್ದು ಬರೀ ಹಕ್ಕಿ ಹುಡುಕುವ ಕೆಲಸ. ಒಂದು ಭಾನುವಾರ ಮುನ್ನೂರರ ಹತ್ತಿರ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳಿದ್ದವು, ಮುಂದಿನ ಭಾನುವಾರ ಮೂರೇ ಮೂರು. ಬೇರೆ ದೇಶಕ್ಕೆ ಹೊರಟುಹೋದವು ಅಂದುಕೊಂಡು ಪುಸ್ತಕದಲ್ಲಿ ಹಾಗೇ ಬರೆದೂ ಇಟ್ಟೆ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಕೇಳಿ ನಕ್ಕರು. “ನೀವು ಹಕ್ಕಿ ನೋಡ್ತೀರಿ ಸಾ, ನೀರ್ ನೋಡಾಕಿಲ್ಲ. ಗುರುವಾರದಿಂದ ನಾಲೆ ನೀರ್ ಬರ್ತಾ ಅದೆ, ಒಂದಡಿ ಏರ್ಬುಟ್ಟದೆ. ಕಾಲ್ ಎಟುಕ್ದಿದ್ ಮ್ಯಾಲೆ ಅವ್ ಯಾಕ್ ನಿಂತ್ಕತ್ತವೆ?” ಹಕ್ಕಿಗಳು ದೇಶ ಬಿಟ್ಟಿರಲಿಲ್ಲ, ಏರಿಯ ಆಚೆ ಅಚ್ಚುಕಟ್ಟಿನ ಗದ್ದೆಗೆ ಇಳಿದಿದ್ದವು ಅಷ್ಟೆ. ಮುಂದೆ ನಾನು ಹೇಳುವುದೆಲ್ಲ ಅವರ ಆ ಮಾತಿನಿಂದ ಹುಟ್ಟಿದ್ದು.

ಕೆರೆ ಆರಿಸಿಕೊಳ್ಳುವುದು

ಹತ್ತಿರ ಇರುವುದೇ ಮೊದಲ ಅರ್ಹತೆ. ಎರಡನೆಯದು, ಕೆರೆ ತಟ್ಟೆಯಂತಿರಬೇಕು, ತಪ್ಪಲೆಯಂತಲ್ಲ. ನಗರಗಳಲ್ಲಿ ‘ಅಭಿವೃದ್ಧಿ’ ಕಂಡ ಕೆಲವು ಕೆರೆಗಳಲ್ಲಿ ಹೂಳೆತ್ತುವ ನೆಪದಲ್ಲಿ ಸುತ್ತಲೂ ಒಂದೇ ಸಮನೆ ಆಳ ಮಾಡಿ, ದಂಡೆಗೆ ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ ಹಾಕಿಬಿಟ್ಟಿರುತ್ತಾರೆ. ನೀರು ತುಂಬಿಕೊಂಡು ನೋಡಲು ಚೆಂದ. ಆದರೆ ಅಲ್ಲಿ ನೀರುಕಾಗೆ, ಗುಳುಮುಳುಕಗಳಂಥ ಮುಳುಗುವ ಹಕ್ಕಿ ಬಿಟ್ಟರೆ ಮಿಕ್ಕವಕ್ಕೆ ಕಾಲೂರಲು ಜಾಗವೇ ಇರುವುದಿಲ್ಲ. ಒಂದು ಕಡೆಯಾದರೂ ದಂಡೆ ನಿಧಾನವಾಗಿ ಇಳಿಯುತ್ತ ಹೋಗಿ ಕೆಸರು, ಹುಲ್ಲು, ಜೊಂಡು ಇರುವ ಕೆರೆ ಹುಡುಕಿ. ಕರಿಜಾಲಿಯ ನಾಲ್ಕು ಮರ ನೀರಿನ ನಡುವೆ ಇದ್ದರೆ ಇನ್ನೂ ಒಳ್ಳೆಯದು.

ಮೈಸೂರಿನವರಿಗೆ ಕುಕ್ಕರಹಳ್ಳಿ, ಲಿಂಗಾಂಬುಧಿ ಇವೆ. ಬೆಂಗಳೂರಿನವರಿಗೆ ಹೆಬ್ಬಾಳ, ಜಕ್ಕೂರು, ಧಾರವಾಡದವರಿಗೆ ಕೆಲಗೇರಿ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಸುತ್ತಮುತ್ತ ಇರುವವರಂತೂ ಪುಣ್ಯವಂತರು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ಆ ಎರಡೂ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದವು, ರಂಗನತಿಟ್ಟು 2022ರಲ್ಲೇ ಸೇರಿತ್ತು. ಪಟ್ಟಿಯಲ್ಲಿಲ್ಲದ ಕೆರೆ ಕಳಪೆ ಅಂದುಕೊಳ್ಳಬೇಡಿ. ನಮ್ಮದು ಯಾವ ಪಟ್ಟಿಯಲ್ಲೂ ಇಲ್ಲ, ಊರಿನ ಬಚ್ಚಲು ನೀರು ಒಂದು ಮೂಲೆಯಲ್ಲಿ ಬಂದು ಸೇರುತ್ತದೆ, ನೀರಂಚಿನ ಸಣ್ಣ ಹಕ್ಕಿ ಗದ್ದೆಗೊರವಗಳು ಎಲ್ಲಕ್ಕಿಂತ ಹೆಚ್ಚು ಇರುವುದು ಆ ಮೂಲೆಯಲ್ಲೇ.

ಬರಿಗಣ್ಣಲ್ಲಿ ಒಂದು ಸುತ್ತು

ಮೊದಲ ಸಲ ಹೋದಾಗ ಬೈನಾಕ್ಯುಲರ್ ಚೀಲದಲ್ಲೇ ಇರಲಿ. ಕೆರೆಯನ್ನು ಒಂದು ಸುತ್ತು ಹಾಕಿ, ಕಾಗದದಲ್ಲಿ ಒರಟಾದ ನಕ್ಷೆ ಬರೆದುಕೊಳ್ಳಿ. ಏರಿ ಎಲ್ಲಿದೆ, ತೂಬು ಎಲ್ಲಿ, ಕೋಡಿ ಎಲ್ಲಿ, ನೀರು ಬರುವ ಹಳ್ಳ ಅಥವಾ ನಾಲೆ ಯಾವ ಕಡೆಯಿಂದ ಸೇರುತ್ತದೆ. ಇಷ್ಟು ಗೊತ್ತಾದರೆ ಕೆರೆಯ ಆಳ ಅರ್ಧ ತಿಳಿದಂತೆ. ಏರಿಯ ಬುಡದಲ್ಲಿ, ತೂಬಿನ ಮುಂದೆ ನೀರು ಎಲ್ಲಕ್ಕಿಂತ ಆಳ. ಅಲ್ಲಿಂದ ಹಿನ್ನೀರಿನ ಕಡೆಗೆ ಹೋದಂತೆ ತೆಳುವಾಗುತ್ತ ಬಂದು, ಕೆಸರಾಗಿ, ಕೊನೆಗೆ ದನ ಮೇಯುವ ಹುಲ್ಲಾಗುತ್ತದೆ.

ಈಗ ಆ ಹುಲ್ಲಿನಿಂದ ನೀರಿನ ಕಡೆಗೆ ಕಣ್ಣು ಹಾಯಿಸಿ. ಹುಲ್ಲಲ್ಲಿ ದನಗಳ ಕಾಲ ಬಳಿ ಗೋವಕ್ಕಿ, ಬಾಲ ಕುಣಿಸುವ ಕುಂಡೆಕುಸ್ಕ, ದೂರದಿಂದಲೇ ಬೈಯುವ ಟಿಟ್ಟಿಭ. ಒದ್ದೆ ಕೆಸರಿನ ಮೇಲೆ ಅಂಗೈಯಗಲದ ಸಣ್ಣ ಹಕ್ಕಿಗಳು ಓಡಿ ನಿಂತು, ಓಡಿ ನಿಂತು ಮಾಡುತ್ತಿರುತ್ತವೆ. ಬೆರಳುದ್ದ ನೀರಿನಲ್ಲಿ ಗದ್ದೆಗೊರವ. ಗೇಣುದ್ದದ ಹತ್ತಿರ ಬಂದಲ್ಲಿ ಮೆಟ್ಟುಗಾಲು ಹಕ್ಕಿ: ಕೆಂಪು ಕಡ್ಡಿಯಂಥ ಕಾಲು ಅರ್ಧ ಮುಳುಗಿರುತ್ತದೆ. ನಮ್ಮ ಮೊಣಕಾಲಿಗಿಂತ ಸ್ವಲ್ಪ ಕಡಿಮೆ ಇರುವಲ್ಲಿ ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಿಗದ್ದಿ ಅತ್ತಿತ್ತ ಆಡಿಸುತ್ತಿರುತ್ತದೆ. ಮೀನು ಕಣ್ಣಿಗೆ ಕಾಣಬೇಕೆಂದಿಲ್ಲ, ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಅದೇ ಆಳದಲ್ಲಿ ಬಾಲ ಮೇಲೆ ಮಾಡಿ ತಲೆ ಕೆಳಗೆ ಹಾಕಿ ಮೇಯುವ ಬಾತುಗಳು. ಇವುಗಳಲ್ಲೂ ಕುತ್ತಿಗೆಯ ಲೆಕ್ಕ ಉಂಟು. ಸೂಜಿಬಾಲದ ಬಾತಿನ ಕೊರಳು ಉದ್ದ, ಆದ್ದರಿಂದ ಬಿಳಿಹುಬ್ಬಿನ ಬಾತಿಗೆ ಎಟುಕದ ತಳವೂ ಅದಕ್ಕೆ ಎಟುಕುತ್ತದೆ. ಇನ್ನೂ ಮುಂದೆ, ತೂಬಿನ ಕಡೆ, ಹಣೆಯಲ್ಲಿ ಬಿಳಿ ನಾಮವಿರುವ ಕರಿ ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಹಾವಕ್ಕಿ. ಹೆಜ್ಜಾರ್ಲೆ (ಪೆಲಿಕನ್) ಬಂದರೆ ಅದೂ ಇಲ್ಲೇ ತೇಲುತ್ತಿರುತ್ತದೆ.

ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ಕೆರೆ ನೋಡುವ ರೀತಿಯೇ ಬೇರೆ. ನೀರು ಅರ್ಧ ಅಡಿ ಇಳಿದರೆ ತಟ್ಟೆಯಂಥ ಕೆರೆಯಲ್ಲಿ ದಂಡೆ ಹತ್ತಾರು ಮಾರು ಹಿಂದಕ್ಕೆ ಸರಿಯುತ್ತದೆ, ಅದರ ಜೊತೆ ಈ ಸಾಲುಗಳೆಲ್ಲ ಸರಿಯುತ್ತವೆ. ಹಾಗಾಗಿ ಪ್ರತಿ ಸಲ ಹೋದಾಗ ಮೊದಲು ಮಾಡಬೇಕಾದ ಕೆಲಸ ನೀರಿನ ಮಟ್ಟ ಗುರುತು ಹಾಕುವುದು. ತೂಬಿನ ಕಲ್ಲುಕಂಬ ಇದ್ದರೆ ಅದೇ ಅಳತೆಗೋಲು. ಇಲ್ಲದಿದ್ದರೆ ಏರಿಯ ಒಳಮೈಗೆ ಕಟ್ಟಿದ ಕಲ್ಲಿನಲ್ಲಿ ಎಷ್ಟು ವರಸೆ ನೀರಿನಿಂದ ಮೇಲೆ ಕಾಣುತ್ತದೆ ಅಂತ ಎಣಿಸಿ ಬರೆದುಕೊಳ್ಳಿ. ನನ್ನ ಪುಸ್ತಕದಲ್ಲಿ ದಿನಾಂಕದ ಪಕ್ಕದ ಅಂಕಿ ಇದೇ.

ಬೈನಾಕ್ಯುಲರ್

ಅಂಗಡಿಯಲ್ಲಿ 8×42 ಕೇಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 20 ಪಟ್ಟು, 30 ಪಟ್ಟು ಅಂತ ಆಸೆ ಹುಟ್ಟಿಸುವ ಅಗ್ಗದ ಮಾಲಿಗೆ ಮರುಳಾಗಬೇಡಿ. ಕೈ ನಡುಗಿದ್ದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಬಹಳ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದೇ ಇಲ್ಲ, ಆಮೇಲೆ ತಲೆನೋವು ಅನ್ನುತ್ತಾರೆ. ಮಾಡುವುದು ಸುಲಭ. ದೂರದ ಒಂದು ಬೋರ್ಡು ನೋಡಿ. ಬಲಗಡೆಯ ಗಾಜಿಗೆ ಕೈ ಅಡ್ಡ ಹಿಡಿದು, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಈಗ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ಬಳೆಯನ್ನು ತಿರುಗಿಸಿ. ಆ ಬಳೆ ಇನ್ನು ಕದಲಿಸಬೇಕಾಗಿಲ್ಲ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಒಳಕ್ಕೆ ಇಳಿಸಿಕೊಳ್ಳಬೇಕು. ಹಕ್ಕಿ ಕಂಡಾಗ ಅದರಿಂದ ದೃಷ್ಟಿ ಕೀಳದೆ ಬೈನಾಕ್ಯುಲರನ್ನು ಕಣ್ಣಿನ ಮುಂದಕ್ಕೆ ಎತ್ತಿ. ಕೆಳಗೆ ನೋಡಿ ಎತ್ತಿ ಹುಡುಕಿದರೆ ಹಕ್ಕಿ ಸಿಗುವುದಿಲ್ಲ. ಮನೆ ಮುಂದೆ ಕರೆಂಟು ತಂತಿಯ ಮೇಲಿನ ಕಾಗೆಯ ಮೇಲೆ ಒಂದು ವಾರ ಅಭ್ಯಾಸ ಮಾಡಿ ಕೆರೆಗೆ ಹೋಗಿ.

ಕೂತು ನೋಡುವುದು, ಎಣಿಸುವುದು

ಸೂರ್ಯ ಬೆನ್ನಿಗಿರಬೇಕು. ಬೆಳಗ್ಗೆ ಕೆರೆಯ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ. ಎದುರು ಬಿಸಿಲಿನಲ್ಲಿ ಎಲ್ಲ ಬಾತೂ ಕಪ್ಪು ಬಾತೇ. ದಂಡೆಗೆ ಬರುವ ಮೊದಲೇ, ಐವತ್ತು ಹೆಜ್ಜೆ ದೂರದಲ್ಲಿ ನಿಂತು ಹತ್ತಿರದ ಅಂಚನ್ನು ನೋಡಿಬಿಡಿ, ಮೊದಲು ಹಾರುವುದು ಅಲ್ಲಿನ ಹಕ್ಕಿಗಳೇ. ಕೊಳದ ಬಕ ಎಲ್ಲಿತ್ತು ಅಂತ ಗೊತ್ತಾಗುವುದೇ ಅದು ಬಿಳಿ ರೆಕ್ಕೆ ಬಿಚ್ಚಿ ಹಾರಿದಾಗ. ಆಮೇಲೆ ಹೋಗಿ ಕೂತುಬಿಡಿ. ನಿಂತ ಮನುಷ್ಯ ಅವುಗಳಿಗೆ ಅಪಾಯ, ಕೂತವನು ಸ್ವಲ್ಪ ಹೊತ್ತಿಗೆ ಬಂಡೆ. ಹಾರಿಹೋದವುಗಳಲ್ಲಿ ಅರ್ಧ ಹದಿನೈದು ನಿಮಿಷದಲ್ಲಿ ವಾಪಸ್ಸು ಬರುತ್ತವೆ.

ಎಣಿಸುವುದು ಹೊಸಬರಿಗೆ ದೊಡ್ಡ ತಲೆನೋವು. ಇನ್ನೂರು ಬಾತುಗಳ ಗುಂಪನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿನಲ್ಲೇ ಅಳೆದು, ಅಂಥ ಎಷ್ಟು ತುಂಡು ಗುಂಪಿನಲ್ಲಿದೆ ನೋಡಿ. ಮನೆಯಲ್ಲಿ ಇದಕ್ಕೊಂದು ಆಟ ಇದೆ. ಯಾರಾದರೂ ಸ್ವಲ್ಪ ತೊಗರಿಬೇಳೆಯನ್ನು ತಟ್ಟೆಗೆ ಚೆಲ್ಲಲಿ, ನೀವು ಮೂರು ಸೆಕೆಂಡು ನೋಡಿ ಒಂದು ಅಂಕಿ ಹೇಳಿ, ಆಮೇಲೆ ಎಣಿಸಿ. ನಾನು ಮೊದಮೊದಲು ನೂರೆಂಬತ್ತು ಇದ್ದಲ್ಲಿ ನೂರು ಹೇಳುತ್ತಿದ್ದೆ. ಮನೆಯವರು ಆ ಬೇಳೆಯನ್ನೇ ಸಾರಿಗೆ ಹಾಕಿದರು, ಅಭ್ಯಾಸ ವ್ಯರ್ಥವಾಗಲಿಲ್ಲ.

ಹೆಸರಿನ ಗೋಜಲು

ನಮ್ಮ ಕಡೆ ಉದ್ದಗಾಲಿನ ಬಿಳಿ ಹಕ್ಕಿಯೆಲ್ಲ ಕೊಕ್ಕರೆ. ಶುರುವಿಗೆ ಅಷ್ಟು ಸಾಕು. ಮೊದಲು ಗುಂಪು ಕಲಿಯಿರಿ: ಬಾತು, ಬಕ, ಕೊಕ್ಕರೆ, ಬಾಗಿದ ಕೊಕ್ಕಿನ ಕೆಂಬರಲು, ನೀರುಕೋಳಿ ಜಾತಿಯವು, ಗೊರವ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ಬೆಳ್ಳಕ್ಕಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಸಣ್ಣ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಬೆರಳು ಮಾತ್ರ ಹಳದಿ. ಕಪ್ಪು ಷರಾಯಿ ತೊಟ್ಟು ಹಳದಿ ಸಾಕ್ಸ್ ಹಾಕಿದಂತೆ. ಕೆಸರಿನಲ್ಲಿ ಬೆರಳು ಕಾಣುವುದಿಲ್ಲ, ಕಾಲು ಎತ್ತುವವರೆಗೆ ಕಾಯಬೇಕು. ದೊಡ್ಡ ಬೆಳ್ಳಕ್ಕಿಯನ್ನು ಗಾತ್ರದಿಂದ ಹೇಳಲು ಹೋಗಿ ಎಲ್ಲರೂ ಎಡವುತ್ತಾರೆ. ಬಾಯಿಯ ಗೆರೆ ನೋಡಿ, ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಗೋವಕ್ಕಿಗೆ ಗಿಡ್ಡ ಕುತ್ತಿಗೆ, ಗಿಡ್ಡ ಹಳದಿ ಕೊಕ್ಕು, ಗದ್ದ ಊದಿದಂಥ ಮುಖ.

ನೀರಿನ ಮೇಲೆ ಬರೀ ಕುತ್ತಿಗೆ ಹಾವಿನಂತೆ ಹೋಗುತ್ತಿದ್ದರೆ ಅದು ಹಾವಕ್ಕಿ, ಮೈಯೆಲ್ಲ ನೀರೊಳಗಿರುತ್ತದೆ. ನೀರುಕಾಗೆಯ ಬೆನ್ನು ಕಾಣುತ್ತದೆ. ಎರಡರ ಗರಿಯೂ ನೀರು ಹೀರಿಕೊಳ್ಳುತ್ತದೆ, ಅದಕ್ಕೇ ಮುಳುಗಲು ಸುಲಭ, ಅದಕ್ಕೇ ಆಮೇಲೆ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕೂರುವುದು. ಬಾಯ್ಕಳಕ ಅನ್ನುವ ಕೊಕ್ಕರೆಯ ಕೊಕ್ಕಿನ ನಡುವೆ ಸಂದು ಇರುತ್ತದೆ ಅಂತ ಓದಿ, ಸಂದು ಕಾಣದ ಒಂದನ್ನು ಬೇರೆ ಜಾತಿ ಅಂದುಕೊಂಡು ನಾನು ಒಂದು ಬೆಳಗ್ಗೆ ಪೂರ್ತಿ ಪುಸ್ತಕ ತಿರುವಿದ್ದುಂಟು. ಮರಿಗಳಿಗೆ ಆ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಅದು ತಿನ್ನುವುದು ಹೆಚ್ಚಾಗಿ ಕೆರೆಯ ಬಸವನಹುಳು. ದಂಡೆಯಲ್ಲಿ ಖಾಲಿ ಚಿಪ್ಪುಗಳ ರಾಶಿ ಕಂಡರೆ ಅದರ ಊಟದ ಜಾಗ ಅಂತ ಅನುಮಾನಿಸಬಹುದು.

ದನಿ, ಫೋಟೋ ನೋಡಿ ಹಕ್ಕಿಯ ಹೆಸರು ಹೇಳುವ ಮೊಬೈಲಿನ ಮರ್ಲಿನ್ ಆಪ್ ಒಳ್ಳೆಯ ಜೊತೆಗಾರ. ಆದರೆ ಅದು ಹೇಳಿದ ಹೆಸರನ್ನು ಹಕ್ಕಿ ನೋಡದೆ ಬರೆದುಕೊಳ್ಳಬೇಡಿ.

ಮಳೆಯಿಂದ ಬೇಸಿಗೆಗೆ

ವರ್ಷವನ್ನು ಜನವರಿಯಿಂದ ಎಣಿಸಬೇಡಿ, ಕೆರೆಯ ವರ್ಷ ಮೊದಲ ಜೋರು ಮಳೆಗೆ ಶುರು. ಆ ರಾತ್ರಿ ಸಾಧ್ಯವಾದರೆ ಏರಿಯ ಮೇಲೆ ಹೋಗಿ ನಿಲ್ಲಿ. ವರ್ಷವಿಡೀ ಮಣ್ಣು ಬಣ್ಣದಲ್ಲಿದ್ದ ಗೋಂಕರು ಕಪ್ಪೆಯ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗಿ, ಗಂಟಲಿನ ಎರಡು ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತಿರುತ್ತವೆ. ಟಾರ್ಚು ಬಿಟ್ಟರೆ ಬಯಲೆಲ್ಲ ಹಳದಿ. ಕೆಲವೇ ದಿನ, ಆಮೇಲೆ ಬಣ್ಣ ಇಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಊರಲ್ಲೇ ಇರುವ ಹಕ್ಕಿಗಳ ಮದುವೆ ಕಾಲ. ಗೋವಕ್ಕಿಯ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಬೂದುಕಂದು ಬಣ್ಣದ ಕೊಳದ ಬಕದ ಬೆನ್ನು ಕಡು ಕೆಂಗಂದು. ಗೀಜಗದ ಗಂಡು ನೀರಿನ ಮೇಲೆ ಬಾಗಿದ ಜಾಲಿಕೊಂಬೆಗೆ ಗೂಡನ್ನು ಅರ್ಧ ಹೆಣೆದು ನೇತಾಡುತ್ತ ಕೂಗುತ್ತಿರುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡಿ ಒಪ್ಪಿದರಷ್ಟೇ ಮಿಕ್ಕರ್ಧ.

ನಿಮ್ಮ ಕೆರೆಯಲ್ಲಿ ಕಮಲವೋ ನೈದಿಲೆಯೋ ಇದ್ದರೆ ಈ ತಿಂಗಳುಗಳನ್ನು ಬಿಡಲೇಬೇಡಿ. ಎಲೆಗಳ ಮೇಲೆ ಬಾಲದ ದೇವನಕ್ಕಿ ನಡೆಯುತ್ತಿರುತ್ತದೆ. ಬಿಳಿ ಮುಖ, ಕತ್ತಿನ ಹಿಂದೆ ಚಿನ್ನದ ಬಣ್ಣ, ಕುಡುಗೋಲಿನಂತೆ ಬಾಗಿದ ಉದ್ದ ಕಪ್ಪು ಬಾಲ, ಎಲೆ ಮುಳುಗದಂತೆ ಭಾರ ಹಂಚುವ ಜೇಡನಂಥ ಬೆರಳು. ಅಲ್ಲಿ ಕಾವು ಕೂರುವುದು ಗಂಡು. ಹೆಣ್ಣು ಮೊಟ್ಟೆ ಇಟ್ಟುಕೊಟ್ಟು ಇನ್ನೊಂದು ಗಂಡಿನ ಕಡೆ ಹೊರಟುಬಿಡುತ್ತದೆ. ನೀರು ಏರಿದರೆ ಮೊಟ್ಟೆಯನ್ನು ಬೇರೆ ಎಲೆಗೆ ಸರಿಸುವ ಉಸಾಬರಿಯೂ ಗಂಡಿನದೇ. ಹೋದ ಆಗಸ್ಟಿನಲ್ಲಿ ಒಂದು ಗಂಡನ್ನು ಒಂದೂವರೆ ಗಂಟೆ ನೋಡುತ್ತ ಕೂತಿದ್ದೆ. ಮಳೆ ಹನಿಯತೊಡಗಿದಾಗ ಅದು ರೆಕ್ಕೆಯನ್ನು ಸ್ವಲ್ಪ ಬಿಚ್ಚಿ ಮೊಟ್ಟೆಗಳ ಮೇಲೆ ಕವುಚಿಕೊಂಡಿತು, ನೀರು ಬೆನ್ನಿನ ಮೇಲಿಂದ ಎಲೆಗೆ ಜಾರಿ ಎಲೆಯ ನಡುವೆ ಪಾದರಸದಂತೆ ಉರುಳಾಡಿತು. ಚಳಿಗಾಲಕ್ಕೆ ಬಂದು ನೋಡಿದರೆ ಆ ಬಾಲವೂ ಇರುವುದಿಲ್ಲ, ಬಣ್ಣವೂ ಮಾಸಿರುತ್ತದೆ, ಅದೇ ಹಕ್ಕಿ ಅಂತ ನಂಬುವುದು ಕಷ್ಟ. ಗುಳುಮುಳುಕ ಇನ್ನೊಂದು ದಾರಿ ಕಂಡುಕೊಂಡಿದೆ: ಪಾಚಿಯ ಗೂಡೇ ತೇಲುತ್ತದೆ, ನೀರಿನ ಜೊತೆ ಏರುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಯ ಮೇಲೆ ಪಾಚಿ ಮುಚ್ಚಿ ಹೋಗುವುದನ್ನು ಗಮನಿಸಿ.

ಗಣೇಶನ ಹಬ್ಬದ ಆಸುಪಾಸಿಗೆ ಚಳಿನಾಡಿನ ಮೊದಲ ನೆಂಟರು ಬಂದಿರುತ್ತಾರೆ. ಗದ್ದೆಗೊರವ, ಕುಂಡೆಕುಸ್ಕ, ಕರೆಂಟು ತಂತಿಯ ಮೇಲೆ ಸಾಲುಗಟ್ಟುವ ಅಂಬರಗುಬ್ಬಿ. ಬಾತುಗಳಲ್ಲಿ ಬಿಳಿಹುಬ್ಬಿನದು ಮೊದಲು. ಆದರೆ ಈ ಸಮಯಕ್ಕೆ ಬರುವ ಗಂಡು ಬಾತುಗಳು ಹಳೇ ಗರಿ ಉದುರಿಸಿ ಹೆಣ್ಣಿನಂತೆಯೇ ಮಣ್ಣುಬಣ್ಣದಲ್ಲಿರುತ್ತವೆ. ಹೊಸಬರು ಗುರುತಿಸಲಾಗದೆ ಕೈಬಿಡುವುದು ಇಲ್ಲೇ. ಕೊಕ್ಕಿನ ಆಕಾರ ನೋಡಿ. ಚಲುಕದ ಬಾತಿನ ಸೌಟಿನಂಥ ಕೊಕ್ಕು ಯಾವ ವೇಷದಲ್ಲೂ ಅಡಗುವುದಿಲ್ಲ. ಮಿಕ್ಕವಕ್ಕೆ ‘ಬಾತು, ಗೊತ್ತಾಗಲಿಲ್ಲ’ ಅಂತ ಬರೆಯಿರಿ. ನನ್ನ ಅಕ್ಟೋಬರಿನ ಪುಟಗಳ ತುಂಬ ಅದೇ ಇದೆ, ನಾಚಿಕೆಯೇನಿಲ್ಲ.

ಅಕ್ಟೋಬರ್-ನವೆಂಬರ್‌ನಲ್ಲಿ ಕೆರೆ ತುಂಬಿ ಕೋಡಿ ಹರಿದರೆ ಊರಿಗೆ ಹಬ್ಬ, ಹಕ್ಕಿ ನೋಡುವವರಿಗೆ ಸ್ವಲ್ಪ ಬೇಜಾರು, ಕೆಸರೆಲ್ಲ ಮುಳುಗಿರುತ್ತದೆ. ಆಗ ತಲೆ ಎತ್ತಿ ನೋಡಿ. ಏರಿಯ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು ಎಲ್ಲೂ ಕೂರದೆ ಹಾರಾಡುತ್ತಿರುತ್ತವೆ. ಅವುಗಳಲ್ಲಿ ಹೊನ್ನ ಬಣ್ಣದ ಒಂದು ಜಾತಿ ಈ ಹಂಗಾಮಿನ ಗಾಳಿ ಹಿಡಿದು ಮಾಲ್ಡೀವ್ಸ್ ಮೇಲಿಂದ ಸಮುದ್ರ ದಾಟಿ ಆಫ್ರಿಕಾ ಸೇರುತ್ತದೆ. ಬೆರಳುದ್ದವೂ ಇಲ್ಲದ ಹುಳ.

ಡಿಸೆಂಬರಿನಿಂದ ಫೆಬ್ರುವರಿ ನೀರು ನಿಧಾನ ಇಳಿಯುವ ಕಾಲ, ಹಕ್ಕಿಗಳ ಜಾತ್ರೆ. ಗಂಡು ಬಾತುಗಳಿಗೆ ಬಣ್ಣ ಬಂದಿರುತ್ತದೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ, ಗದಗದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವವು. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಹಗಲು ಕೆರೆಯಲ್ಲಿ ತೂಕಡಿಸಿ ಕತ್ತಲಾದ ಮೇಲೆ ಹೊಲಕ್ಕೆ ಮೇಯಲು ಹೋಗುತ್ತವೆ, ಆದ್ದರಿಂದ ಮಧ್ಯಾಹ್ನ ಹೋದರೂ ನಷ್ಟವಿಲ್ಲ. ಕೊರಳಿಗೆ ಅಕ್ಷರ ಬರೆದ ಪಟ್ಟಿ ಇದೆಯೇ ಅಂತ ಒಂದೊಂದನ್ನೂ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಹದಿನಾರಿನಲ್ಲಿ ಕಾಣಿಸಿಕೊಂಡದ್ದುಂಟು. ಇದೇ ತಿಂಗಳುಗಳಲ್ಲಿ, ಎಲ್ಲ ಹಕ್ಕಿಗಳೂ ಒಮ್ಮೆಗೇ ಎದ್ದರೆ ಕಾರಣ ಹುಡುಕಿ. ಜೊಂಡಿನ ಮೇಲೆ ತೀರ ಕೆಳಗೆ, ರೆಕ್ಕೆಯನ್ನು ವಿ ಆಕಾರದಲ್ಲಿ ಹಿಡಿದು ಜೌಗು ಸೆಳೆವ ಅನ್ನುವ ಬೇಟೆಹಕ್ಕಿ ಬರುತ್ತಿರುತ್ತದೆ. ನಾಮದ ಕೋಳಿಗಳು ಹಾರುವುದಿಲ್ಲ, ಒಂದಕ್ಕೊಂದು ಅಂಟಿಕೊಂಡು ಕರಿ ಚಾಪೆಯಂತಾಗಿ ನೀರು ಎರಚುತ್ತವೆ.

ಮಾರ್ಚ್ ಆದ ಮೇಲೆ ಜನ ಕೆರೆ ಬಿಟ್ಟುಬಿಡುತ್ತಾರೆ. ನನಗೆ ಏಪ್ರಿಲ್ ಇಷ್ಟ. ಉಳಿದ ಒಂದೆರಡು ಗುಂಡಿಗಳಲ್ಲಿ ಮೀನೆಲ್ಲ ಒತ್ತೊತ್ತಾಗಿ ಸೇರಿ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬೆಳ್ಳಕ್ಕಿ, ಹದ್ದು, ಊರ ಹುಡುಗರು ಎಲ್ಲ ಒಂದೇ ಪಂಕ್ತಿಯಲ್ಲಿ. ಆಗ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಮರಿಗಳು ಗೂಡಿನಲ್ಲಿರುತ್ತವೆ. ಮದ್ದೂರು ತಾಲ್ಲೂಕಿನ ಆ ಊರಿನವರು ಹೆರಿಗೆಗೆ ಬಂದ ಮನೆಮಗಳಂತೆ ಅವನ್ನು ನೋಡಿಕೊಳ್ಳುತ್ತಾರೆ. ನಿಮ್ಮ ಕೆರೆಯಿಂದ ಗಂಟಲು ತುಂಬಿಕೊಂಡು ಒಂದೇ ದಿಕ್ಕಿಗೆ ಹಾರುವ ಹೆಜ್ಜಾರ್ಲೆ ಕಂಡರೆ ಆ ದಿಕ್ಕನ್ನು ಬರೆದಿಟ್ಟುಕೊಳ್ಳಿ, ಗೂಡಿನ ದಾರಿ ಅದಿರಬಹುದು.

ಕೆಸರು, ಹಾವು, ಜನ

ಏಪ್ರಿಲಿನ ಕೆರೆಯಂಗಳ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಕೆಳಗೆ ಹೂಳು ಹಸಿಯಾಗಿರುತ್ತದೆ. ಒಮ್ಮೆ ಗೊರವದ ಹಿಂದೆ ಹೋಗಿ ತೊಡೆಮಟ್ಟ ಹೂತುಕೊಂಡೆ. ಎಮ್ಮೆ ಕಾಯುವ ಹುಡುಗ ಕೋಲು ಕೊಟ್ಟು ಎಳೆದ. “ಎಮ್ಮೆ ಹೋಗಿರೋ ದಾರೀಲಿ ಬರ್ಬೇಕಲ್ವಾ ಅಣ್ಣಾ” ಅಂದ. ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳು ಇದಕ್ಕಿಂತ ಅಪಾಯ. ನೀರು ತುಂಬಿದ ಮೇಲೆ ಅವು ಕಾಣುವುದೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ ನೀರಿಗಿಳಿಯುವ ಮಾತೇ ಬೇಡ. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದು, ಬೂಟು ಹಾಕಿ, ನೋಡಿ ಕಾಲಿಡಿ. ನೀರಂಚಿನಲ್ಲಿ ಕಪ್ಪೆಗೆ ಹೊಂಚುವ ನೀರೊಳ್ಳೆಗೆ ವಿಷವಿಲ್ಲ, ಅದನ್ನು ಹೊಡೆಯಬೇಡಿ, ಹೊಡೆಯುವವರಿಗೂ ಹೇಳಿ.

ಟಿಟ್ಟಿಭ ತಲೆಯ ಮೇಲೆ ಎರಗುತ್ತ ಕಿರುಚಿದರೆ ಅದರ ಮೊಟ್ಟೆ ನಿಮ್ಮ ಕಾಲಬಳಿ ಎಲ್ಲೋ ಬರೀ ನೆಲದ ಮೇಲಿದೆ ಅಂತ ಅರ್ಥ. ಹುಡುಕಬೇಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಗೂಡು, ಮೊಟ್ಟೆ ಕೆಡಿಸುವುದು 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬೇಟೆಗೆ ಸಮ. ಗೂಡಿನ ಫೋಟೋ ತೆಗೆದರೂ ಜಾಗದ ಸಮೇತ ಹಂಚಬೇಡಿ.

ಇನ್ನು ಜನ. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಪುಸ್ತಕ ನೋಡಿದರೆ ಊರಿನವರಿಗೆ ಬರುವ ಮೊದಲ ಅನುಮಾನ ಸರ್ವೆಯವರು ಅಂತ. ಕೆರೆ ಒತ್ತುವರಿ ಇರುವ ಕಡೆ ಆ ಅನುಮಾನ ಸುಮ್ಮನೆ ಹೋಗುವುದಿಲ್ಲ. ನಾನು ಮೊದಲ ತಿಂಗಳು ಎಲ್ಲರಿಗೂ ಬೈನಾಕ್ಯುಲರ್ ಕೊಟ್ಟು ಹೆಜ್ಜಾರ್ಲೆ ತೋರಿಸಿದೆ, ಆಮೇಲೆ ಯಾರೂ ಕೇಳಲಿಲ್ಲ. ಮೀನು ಹಿಡಿಯಲು ಟೆಂಡರ್ ಹಿಡಿದವರು ನೀರುಕಾಗೆಗಳ ಮೇಲೆ ಪಟಾಕಿ ಸಿಡಿಸುವುದೂ ಉಂಟು. ಮೊದಲ ದಿನವೇ ಜಗಳಕ್ಕೆ ನಿಲ್ಲಬೇಡಿ. ಅವರು ಮರಿಮೀನು ಬಿಟ್ಟು ದುಡ್ಡು ಸುರಿದಿರುತ್ತಾರೆ. ಮಾತಾಡಿಸಿ. ದಿನಾ ನೀರಲ್ಲಿರುವವರು ಅವರೇ, ಹೊಸ ಹಕ್ಕಿ ಬಂದರೆ ಮೊದಲು ತಿಳಿಯುವುದೂ ಅವರಿಗೇ.

ಬರೆದಿಡುವುದು

ಪುಸ್ತಕದಲ್ಲಿ ದಿನಾಂಕ, ವೇಳೆ, ನೀರಿನ ವರಸೆ, ಹಕ್ಕಿ, ಎಣಿಕೆ. ಮನೆಗೆ ಬಂದು ಹಕ್ಕಿ ಲೆಕ್ಕ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಏರಿಸಿ, ಕಂಡದ್ದನ್ನೆಲ್ಲ, ಕಾಗೆಯನ್ನೂ ಬಿಡದೆ. ಎಷ್ಟು ಹೊತ್ತು ನೋಡಿದಿರಿ ಅನ್ನುವುದನ್ನು ಮರೆಯಬೇಡಿ, ಅದಿಲ್ಲದಿದ್ದರೆ ಅಂಕಿಗೆ ಬೆಲೆ ಕಡಿಮೆ. ಕಪ್ಪೆ, ಚಿಟ್ಟೆ, ಹಾವಿಗೆ ಐನ್ಯಾಚುರಲಿಸ್ಟ್ ಇದೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದದ್ದು. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನೆಲ್ಲೆಡೆಯ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಎರಡಕ್ಕೂ ನಿಮ್ಮ ಕೆರೆಯ ಲೆಕ್ಕ ಕೊಡಬಹುದು.

ಹೋದ ಡಿಸೆಂಬರಿನಲ್ಲಿ ಅದೇ ಮೀನುಗಾರರು ನನ್ನ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು. “ಹೋದ್ ವರ್ಸ ಇದೇ ಹೊತ್ಗೆ ನೀರ್ ಎಷ್ಟಿತ್ತು ಸಾ?” ನೋಡಿ ಹೇಳಿದೆ: ಮೇಲೆ ಕಾಣುತ್ತಿದ್ದದ್ದು ನಾಲ್ಕು ವರಸೆ, ಈ ಸಲ ಒಂಬತ್ತು. ಅವರು ಏರಿಯ ಕಡೆ ಒಮ್ಮೆ ನೋಡಿ, ಬಾಯಲ್ಲೇ ಏನೋ ಲೆಕ್ಕ ಹಾಕಿದರು. “ಹಂಗಾರೆ ಸಂಕ್ರಾಂತಿಗೇ ಬಲೆ ಹಾಕ್ಬೇಕು, ನೀವೂ ಒಂದ್ ತಿಂಗ್ಳು ಮುಂಚೆ ಬಂದ್ಬುಡಿ” ಅಂದು ಪುಸ್ತಕ ಕೊಟ್ಟು ತೆಪ್ಪ ನೂಕಿದರು.